ಒಂದು ಡಿಗ್ರಿ ಓರೆ

ಮರಿನ್ಯಾ ಗ್ರಾಂದೆಯ ಉದ್ಯೋಗ ಕಚೇರಿಯಲ್ಲಿ
ನನ್ನದು ಅರವತ್ತೆರಡನೇ ಟೋಕನ್.
ಇಪ್ಪತ್ತಾರು ವರ್ಷ ಗಾಜಿನ ಕಾರ್ಖಾನೆಯಲ್ಲಿ
ಬಾಟಲಿಗಳ ಕತ್ತು ನೋಡಿದವಳು ನಾನು.
ಕೂದಲೆಳೆಯಷ್ಟು ಬಿರುಕೂ ಕಣ್ಣು ತಪ್ಪಿಸುತ್ತಿರಲಿಲ್ಲ.
ಕುಲುಮೆ ಆರಿದ ದಿನ
ಆ ಕಣ್ಣನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಕೌಂಟರಿನ ಹುಡುಗಿ ಹಾಳೆಯೊಂದನ್ನು ಸರಿಸಿದಳು:
ಕಂಪ್ಯೂಟರಿನಲ್ಲಿ ವಿನ್ಯಾಸ, ಒಂಬತ್ತು ತಿಂಗಳು, ಸಂಜೆ ತರಗತಿ.
ಕಲಿತರೆ ಎಲ್ಲೆಲ್ಲಿ ಕೆಲಸವೆಂದು ಕೆಳಗೆ ಬರೆದಿತ್ತು.
ಹಡಗು, ಕಾರಿನ ಬಂಪರು, ಗಾಳಿಯಂತ್ರದ ರೆಕ್ಕೆ,
ಬೂಟಿನ ಅಟ್ಟೆ, ಕಟ್ಟಿಸಿದ ಹಲ್ಲು.
"ಹಲ್ಲೂನಾ?" ಅಂದೆ.
"ಹಲ್ಲೂ," ಅಂದಳು, ನಗದೆ.
ವಯಸ್ಸಿನ ಕಾಲಮ್ಮಿನಲ್ಲಿ ಐವತ್ತೊಂದನ್ನು
ಆದಷ್ಟು ಸಣ್ಣಗೆ ಬರೆದೆ,
ಸಣ್ಣಗೆ ಬರೆದರೆ ಕಡಿಮೆಯಾದೀತು ಅನ್ನುವ ಹಾಗೆ.

ಮೊದಲ ವಾರ ಮೌಸು ಹೆಸರಿಗೆ ತಕ್ಕಂತೆ
ಮೇಜಿನಂಚಿಗೆ ಓಡಿ ಓಡಿ ಹೋಯಿತು.
ಪಕ್ಕದ ಡೇಲಿಯು, ಹತ್ತೊಂಬತ್ತರವನು,
ಎಡಗೈಯಲ್ಲಿ ಚಿಪ್ಸು ತಿನ್ನುತ್ತ
ಬಲಗೈಯಲ್ಲಿ ಟರ್ಬೈನು ತಿರುಗಿಸುತ್ತಿದ್ದ.
ನಾನು ಸೊಟ್ಟಗೆ ಒಂದು ಗೆರೆ ಎಳೆದು
ನಲವತ್ತು ಮಿಲಿಮೀಟರು, ನೆಟ್ಟಗೆ, ಎಂದು ಒತ್ತಿದರೆ
ಗೆರೆ ತಾನಾಗಿ ಎದ್ದು ನಿಂತಿತು.
ಹೇಳಿದ ಮಾತು ಕೇಳುವ ಗೆರೆ!
ನಮ್ಮ ಮನೆಯಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ.

ಅಚ್ಚು ಮಾಡುವ ಕಾರ್ಖಾನೆಯ ಸಂದರ್ಶನದಲ್ಲಿ
ಮಾಲೀಕ ಸರ್ಟಿಫಿಕೇಟು ನೋಡಲಿಲ್ಲ.
ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕೈಗಿಟ್ಟು
"ಇದರಲ್ಲೇನು ತಪ್ಪು?" ಅಂದ.
ಕಣ್ಣಿಗಿಂತ ಮೊದಲು ಉಗುರು ಹೇಳಿತು,
ಅಂಚಿನಲ್ಲಿ ತೊಡರುವ ಒಂದು ಸಣ್ಣ ಏಣು.
ಸೋಮವಾರದಿಂದ ಬಾ ಅಂದ.
ಗಾಜಿಗಿಂತ ನೂರಹತ್ತು ಯೂರೋ ಹೆಚ್ಚು.

ನನ್ನ ಮೊದಲ ಚಿತ್ರ,
ಕೆಮ್ಮಿನ ಔಷಧಿ ಅಳೆಯುವ ಪುಟ್ಟ ಲೋಟ.
ಪರದೆಯ ಮೇಲೆ ಅದರ ಗೋಡೆ
ತೂಗುಗುಂಡು ಬಿಟ್ಟು ಕಟ್ಟಿದಷ್ಟು ನೆಟ್ಟಗೆ.
ಅಚ್ಚುಕಟ್ಟು ಅಂದರೆ ಇದೇ ಅಂದುಕೊಂಡೆ.
ಉಕ್ಕು ಕೊರೆದರು, ಕಾದ ಪ್ಲಾಸ್ಟಿಕ್ ತುಂಬಿದರು,
ಅಚ್ಚು ಬಾಯಿ ತೆರೆಯಿತು.
ಲೋಟ ಹೊರಗೆ ಬರಲಿಲ್ಲ.

ನಲವತ್ತು ವರ್ಷ ಉಕ್ಕನ್ನು ಉಜ್ಜಿ ಕನ್ನಡಿ ಮಾಡಿದ ವೆನಾನ್ಸಿಯು
ಹಿತ್ತಾಳೆಯ ಕಡ್ಡಿಯಿಂದ ಅದನ್ನು ಚೂರುಚೂರಾಗಿ ಎಬ್ಬಿಸಿದ.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
"ಇದಾಲೀನಾ, ಒಳಗೆ ಹೋದದ್ದು ಹೊರಗೂ ಬರಬೇಕಲ್ಲ?
ಗೋಡೆಗೆ ಒಂದು ಡಿಗ್ರಿ ಓರೆ ಕೊಡು.
ನಿನ್ನ ಕಣ್ಣಿಗೆ ಕಾಣದು,
ಲೋಟಕ್ಕೆ ಗೊತ್ತಾಗುತ್ತದೆ."
ಪರದೆ ಏನು ಬೇಕಾದರೂ ಎಳೆಯಲು ಬಿಡುತ್ತದೆ;
ಉಕ್ಕಿನ ಹಟ ಅದಕ್ಕೇನು ಗೊತ್ತು?
ಅವತ್ತಿನಿಂದ ಊಟದ ಬಿಡುವಿನಲ್ಲಿ
ಅವನ ಬೆಂಚಿನ ಪಕ್ಕ ನಿಂತೇ ಬ್ರೆಡ್ಡು ತಿಂದೆ.
ಪರದೆ ನೋಡಲು ಅವನೂ ಒಮ್ಮೆ ಮೇಲೆ ಬಂದ,
ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು,
ಮುಟ್ಟಿದರೆ ಎಣ್ಣೆ ಅಂಟೀತೆಂದು.

ಡೇಲಿಯು ಐಂಡ್‌ಹೋವನ್‌ಗೆ ಹೋದ, ಎರಡರಷ್ಟು ಸಂಬಳಕ್ಕೆ.
ಮೊನ್ನೆ ಬರೆದಿದ್ದಾನೆ:
ಈಗ ಅರ್ಧ ಚಿತ್ರ ಯಂತ್ರವೇ ಬರೆಯುತ್ತದೆ,
ಕೂತು ಅದರ ತಪ್ಪು ಹಿಡಿಯುವುದಷ್ಟೇ ನನ್ನ ಕೆಲಸ,
ಬೇಜಾರು.
ಬೇಜಾರೇ? ಮಗೂ, ಇಪ್ಪತ್ತಾರು ವರ್ಷ
ನಾನು ಮತ್ತೇನು ಮಾಡಿದೆ?
ಹಾಗೆಂದು ಬರೆದು, ಅಳಿಸಿ,
ಚಳಿಗೆ ಕೈಗವಸು ಕೊಂಡೆಯಾ ಎಂದು ಕೇಳಿದೆ.

ಶನಿವಾರ ಔಷಧಿ ಅಂಗಡಿಯಲ್ಲಿ
ಕೆಮ್ಮಿಲ್ಲದೆ ಕೆಮ್ಮಿನ ಔಷಧಿ ಕೊಂಡೆ.
ಬಾಟಲಿಯ ತಲೆಯಿಂದ ಲೋಟ ಕಳಚಿದೆ, ಹಾಕಿದೆ,
ಮತ್ತೆ ಕಳಚಿದೆ.
ಅದರ ಮೇಲೆ ಯಾರ ಹೆಸರೂ ಇಲ್ಲ,
ಐದು, ಹತ್ತು, ಹದಿನೈದು, ಅಷ್ಟೇ.
ಸಾಲಿನಲ್ಲಿ ಹಿಂದಿದ್ದ ಮುದುಕ ಕೇಳಿದ,
"ಪಾಪ, ಮನೇಲಿ ಯಾರಿಗೆ?"
"ಯಾರಿಗೂ ಇಲ್ಲ," ಅಂದು
ಅಂಚಿನ ಸುತ್ತ ಉಗುರು ಓಡಿಸಿದೆ.
ಎಲ್ಲೂ ತೊಡರಲಿಲ್ಲ.